ರೈಫಲ್ಲಿಗೆ ದುರ್ಬೀನು: ಮೊದಲು ತಳಪಟ್ಟಿ ನೋಡಿ

ಶೇಂಗಾ ಬಲಿಯುವ ಹೊತ್ತಿಗೆ ನಮ್ಮ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಹಂದಿ ಕಾಟ ಹೇಳತೀರದು. ಬೆಳೆ ಕಾಯೋಕೆ ಲೈಸೆನ್ಸ್ ಪಡೆದವರ ಹತ್ರ ಸಾಮಾನ್ಯವಾಗಿ ಇರೋದು ಮದ್ದು ತುಂಬೋ ಕೋವಿ, ಇಲ್ಲಾ 12 ಬೋರ್ ಬಂದೂಕು. ಅವಕ್ಕೆ ದುರ್ಬೀನು ಬೇಕಿಲ್ಲ. ಅಲ್ಲೊಂದು ಇಲ್ಲೊಂದು ಮನೆಯಲ್ಲಿ ಇಶಾಪುರ ಕಾರ್ಖಾನೆಯ .315 ಬೋಲ್ಟ್ ರೈಫಲ್ ಉಂಟು. ಈ ಲೇಖನ ಅಂಥವರಿಗೆ.

ದುರ್ಬೀನಿಗೆ ಸಾವಿರಾರು ರೂಪಾಯಿ ಸುರಿದು, ಅದು ಕೂರುವ ತಳಪಟ್ಟಿಗೆ (ಅಂಗಡಿಯವರು ಬೇಸ್ ಅಂತಾರೆ) ಜಿಪುಣತನ ಮಾಡುವುದು ಎಲ್ಲರೂ ಮಾಡೋ ತಪ್ಪು. ಕೂರಿಗೆಯ ಬೆಣೆ ಸಡ್ಲಾದ್ರೆ ಎತ್ತು ಎಷ್ಟು ನೆಟ್ಟಗೆ ನಡೆದರೂ ಸಾಲು ಸೊಟ್ಟ ಅಲ್ಲವೇ? ಇಲ್ಲೂ ಅದೇ ಲೆಕ್ಕ. ಹಿಡಿತಗಳ ನಡುವೆ 10 ಸೆಂ.ಮೀ. ಇದ್ದು ಒಂದು ತುದಿ 0.1 ಮಿ.ಮೀ. ಸರಿದರೆ, ಅಂದರೆ ಒಂದು ಕಾಗದದ ದಪ್ಪ, ಗುಂಡು 100 ಮೀಟರಿನಲ್ಲಿ 10 ಸೆಂ.ಮೀ. ಆಚೆ ಬೀಳುತ್ತದೆ. ನಮ್ಮದು ಬಟಾಬಯಲು. ತಪ್ಪಿದ ಗುಂಡು ಕಿಲೋಮೀಟರು ದಾಟಿ ಹೋಗುತ್ತೆ. ಆಚೆ ಹೊಲದಲ್ಲಿ ಕುರಿಹಟ್ಟಿ ಹಾಕಿಸಿರ್ತಾರೆ, ಕುರಿಗಾರರು ಅಲ್ಲೇ ಮಲಗಿರ್ತಾರೆ.

.315 ಲೀ-ಎನ್‌ಫೀಲ್ಡ್ ಮಾದರಿಯದು. ಹಳೆಯವುಗಳಲ್ಲಿ ತಳಪಟ್ಟಿಗೆ ತೂತೇ ಇರೋದಿಲ್ಲ. ತೂತಿಲ್ಲದೆ ಬಿಗಿಯೋ ಪಟ್ಟಿ ಸಿಗ್ತವೆ, ಅಗ್ಗ. ಆದರೆ ಒಂದೇ ಕಡೆ ಹಿಡಿಯೋವು ನಾಲ್ಕು ಗುಂಡಿಗೆ ಅಲುಗಾಡ್ತವೆ. ನಮ್ಮ ಸಂಬಂಧಿಕರೊಬ್ಬರದು ಹಾಗೇ ಆಯ್ತು. ದುರ್ಬೀನೇ ಕೆಟ್ಟಿದೆ ಅಂತ ಎರಡನೇದು ತಂದರು, ಅದೂ ಹಾಗೇ! ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ಇದೇ ಜಾತಿಯ ನಂಬರ್ 4 ರೈಫಲ್ಲಿಗೆ ದುರ್ಬೀನು ಹಾಕಿದಾಗ ಬಾಡಿಯ ಎಡಮಗ್ಗುಲಿಗೆ ಹಿಂದೆ ಮುಂದೆ ಎರಡು ಕಡೆ ತಿರುಪು ಕೊಟ್ಟಿದ್ದರು. ತೂತು ಹಾಕುವುದಾದರೆ ಲೈಸೆನ್ಸ್ ಇರುವ ಬಂದೂಕು ರಿಪೇರಿಯವರೇ ಹಾಕಬೇಕು. ವೆಲ್ಡಿಂಗ್ ಅಂಗಡಿಗೆ ಒಯ್ಯಬೇಡಿ. ಬಾಡಿ ಹದ ಕೊಟ್ಟ ಉಕ್ಕು, ಕಾಸಿದರೆ ಹದ ಹೋಗುತ್ತೆ. ನಂಬರಿಗೂ ಕೈ ಹಚ್ಚಬಾರದು.

ಬೇರೆ ರೈಫಲ್ಲುಗಳಿಗೆ ಒಂದೇ ತುಂಡಿನ ಪಟ್ಟಿ, ಎರಡು ತುಂಡಿನದು ಎರಡೂ ಬರ್ತವೆ. ಒಂದೇ ತುಂಡಿನದು ಗಟ್ಟಿ. ಮೇಲಿಂದ ತೋಟಾ ತುಂಬೋಕೆ ಮಾತ್ರ ಸ್ವಲ್ಪ ಅಡ್ಡ. ಎರಡು ತುಂಡು ಒಂದೇ ನೇರಕ್ಕೆ ಕೂರದಿದ್ದರೆ ದುರ್ಬೀನಿನ ಕೊಳವೆಯೇ ತಿರುಚಿಕೊಳ್ಳುತ್ತೆ. ವೀವರ್ ಬಳೆ ಸಾಮಾನ್ಯವಾಗಿ ಪಿಕಾಟಿನಿ ಪಟ್ಟಿಗೆ ಕೂರುತ್ತೆ, ಪಿಕಾಟಿನಿ ಬಳೆ ವೀವರ್ ಪಟ್ಟಿಯ ಸಣ್ಣ ಗಾಡಿಗೆ ಇಳಿಯೋದಿಲ್ಲ. ಕೊಳವೆ 1 ಇಂಚೋ 30 ಮಿ.ಮೀ.ಯೋ ನೋಡಿ ಬಳೆ ತನ್ನಿ. ಎತ್ತರ ತೀರಾ ಕಮ್ಮಿ ಆದ್ರೆ ಬೋಲ್ಟಿನ ಹಿಡಿ ದುರ್ಬೀನಿಗೆ ಬಡಿಯುತ್ತೆ.

ಕೂರಿಸುವ ಮುಂಚೆ ಪಟ್ಟಿಯ ತಳಕ್ಕೆ ತೆಳ್ಳಗೆ ದೀಪದ ಮಸಿ ಸವರಿ ಒತ್ತಿ ನೋಡಿ. ಮಸಿ ಉದ್ದಕ್ಕೂ ಅಂಟಬೇಕು. ತಿರುಪಿನ ಎಣ್ಣೆ ಒರೆಸಿ, ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿಸಿ.

ಇಷ್ಟೆಲ್ಲ ಮಾಡಿಸಿದರೂ ಹಂದಿಗೆ ಗುರಿ ಇಡೋಕೆ ಪರವಾನಗಿ ಸಿಕ್ಕಂತಲ್ಲ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಧಿಕಾರಿಯ ಬರಹದ ಅನುಮತಿ ಬೇಕು. ಕರಡಿ, ಕೃಷ್ಣಮೃಗದ ಮಾತಂತೂ ಎತ್ತಲೇಬೇಡಿ. ಬೆಳೆ ತಿಂತು ಅಂತ ಅವುಗಳಿಗೆ ಅನುಮತಿ ಇಲ್ಲ.

ಚುನಾವಣೆ ಬಂದಾಗ ಬಂದೂಕು ಠಾಣೆಗೆ ಒಪ್ಪಿಸಬೇಕಾಗುತ್ತೆ. ಕೊಡುವ ಮೊದಲು ತಿರುಪಿನ ತಲೆ ಮೇಲಿಂದ ಪಟ್ಟಿಗೆ ಬಣ್ಣದ ಸಣ್ಣ ಗೆರೆ ಎಳೆದಿಡಿ. ವಾಪಸು ತಂದಾಗ ಗೆರೆ ಮುರಿದಿದ್ದರೆ ಗುರಿ ಮತ್ತೆ ಸರಿಮಾಡಿಸೋ ತನಕ ತೋಟಾ ಹಾಕಬೇಡಿ.