ಜೋಳದ ಎಲೆಯಲ್ಲಿ ದುಡಿಯುವ ಎರಡು ಕಿಣ್ವಗಳು

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಗಳಲ್ಲಿ ಮಳೆಯು ಹಿಂದೆಗೆದ ದಿನಗಳ ನಡುಹಗಲಲ್ಲಿ ಹತ್ತಿ, ಶೇಂಗಾಗಳ ಎಲೆಗಳು ಜೋತುಬಿದ್ದಿರಲು, ಬದುವಿನಾಚೆಯ ಜೋಳವು ಎಲೆಯನ್ನು ಸುರುಳಿಮಾಡಿಕೊಂಡು ಹಸುರಾಗಿಯೇ ನಿಂತಿರುವುದನ್ನು ಒಕ್ಕಲಿಗರೆಲ್ಲರೂ ಬಲ್ಲರು. ಬೇರಿನ ಬಲವೂ ಎಲೆಯ ಮೇಲಣ ಮೇಣವೂ ಇದಕ್ಕೆ ಕಾರಣಗಳೇ ಸರಿ. ಆದರೆ ಎಲೆಯೊಳಗೆ ಮತ್ತೊಂದು ಕಾರಣವುಂಟು.

ಸಸ್ಯದ ಆಹಾರವು ಗಾಳಿಯಲ್ಲಿನ ಇಂಗಾಲಾಮ್ಲವಾಯುವಿನಿಂದ ಆಗತಕ್ಕದ್ದು. ಈ ವಾಯುವು ಗಾಳಿಯ 10,000 ಪಾಲುಗಳಲ್ಲಿ ಸುಮಾರು 4 ಪಾಲು ಮಾತ್ರ. ಹತ್ತಿ, ಶೇಂಗಾ, ಕಡಲೆ, ಕುಸುಬೆಗಳಲ್ಲಿ ರೂಬಿಸ್ಕೋ ಎಂಬ ಕಿಣ್ವವು ಇದನ್ನು ನೇರವಾಗಿ ಹಿಡಿಯುತ್ತದೆ. ಈ ಕಿಣ್ವಕ್ಕೆ ಒಂದು ದೋಷವಿದೆ: ಬಿಸಿಲೇರಿದಂತೆ ಇಂಗಾಲಾಮ್ಲಕ್ಕೆ ಬದಲಾಗಿ ಆಮ್ಲಜನಕವನ್ನೂ ಹಿಡಿದು, ಗಳಿಸಿದ್ದರಲ್ಲಿ ಒಂದಂಶವನ್ನು ಕಳೆಯುತ್ತದೆ. ನಷ್ಟವನ್ನು ತುಂಬಲು ಎಲೆಯ ರಂಧ್ರಗಳು ತೆರೆದಿರಬೇಕು. ತೆರೆದಷ್ಟೂ ನೀರು ಆವಿಯಾಗಿ ಹೋಗುವುದು.

ಜೋಳದಲ್ಲಿ ಏರ್ಪಾಡು ಬೇರೆ. ಎಲೆಯ ತಿರುಳಿನ ಜೀವಕಣಗಳಲ್ಲಿರುವ ಕಾರ್ಬಾಕ್ಸಿಲೇಸ್ ಜಾತಿಯ ಕಿಣ್ವವು ಆಮ್ಲಜನಕಕ್ಕೆ ಮರುಳಾಗದೆ, ಅತ್ಯಲ್ಪ ಇಂಗಾಲಾಮ್ಲವನ್ನೂ ಹಿಡಿದು ಕಾರ್ಬಾಕ್ಸಿಲ್ ಗುಂಪಾಗಿ ಸೇರಿಸುತ್ತದೆ. ಇದರಿಂದ ಹುಟ್ಟಿದ ಮ್ಯಾಲಿಕ್ ಆಮ್ಲವು ನರಗಳ ಸುತ್ತಲಿನ ಕಣಗಳಿಗೆ ಸಾಗುತ್ತದೆ. ಅಲ್ಲಿ ಇನ್ನೊಂದು ಕಿಣ್ವವು ಆ ಗುಂಪನ್ನು ಕಳಚಿ ವಾಯುವನ್ನು ಬಿಡಿಸುತ್ತದೆ. (ಹೆಂಡದಲ್ಲಿ ನೊರೆಯೇಳಿಸುವುದೂ ಹೀಗೆ ಕಳಚುವ ಕಿಣ್ವವೇ.) ಹೀಗೆ ದಟ್ಟವಾದ ಇಂಗಾಲಾಮ್ಲದ ನಡುವೆ ರೂಬಿಸ್ಕೋ ತಪ್ಪದೆ ಕೆಲಸಮಾಡುವುದು. ಕಬ್ಬಿನ ಎಲೆಯಲ್ಲಿ ಈ ಕ್ರಮವನ್ನು ಹ್ಯಾಚ್ ಮತ್ತು ಸ್ಲ್ಯಾಕ್ ಎಂಬವರು ಆಸ್ಟ್ರೇಲಿಯದಲ್ಲಿ 1966ರಲ್ಲಿ ವಿವರಿಸಿದರು. ಸಜ್ಜೆ, ನವಣೆ, ಗೋವಿನಜೋಳಗಳೂ ಇದೇ ಪಂಗಡದವು. ಅಮೆರಿಕದ ಒಣಸೀಮೆಯಲ್ಲಿ ತೂಗಿ ನೋಡಿದಾಗ, ಒಂದು ಪಾಲು ಒಣ ಬೆಳೆ ಕಟ್ಟಲು ಜೋಳಕ್ಕೆ ಸುಮಾರು 300 ಪಾಲು ನೀರು ಸಾಕಾಯಿತು. ಹತ್ತಿಗೆ 500 ಪಾಲಿಗೂ ಮಿಗಿಲಾಗಿ ಬೇಕಾಯಿತು.

ಇಷ್ಟರಿಂದ ಜೋಳವನ್ನು ಯಾವಾಗ ಬಿತ್ತಿದರೂ ಆದೀತೆಂದು ತಿಳಿಯಬಾರದು. ಈ ಏರ್ಪಾಡು ಬಿಸಿಲಿಗೆ ಹೊಂದಿದ್ದು, ಚಳಿಗೆ ಮಂದವಾಗುತ್ತದೆ. ಉತ್ತರೆ, ಹಸ್ತಗಳ ಹದವನ್ನು ಬಿಟ್ಟು ಹಿಂದಾಗಿ ಬಿತ್ತಿದ ಹಿಂಗಾರಿ ಜೋಳವು ಎಳೆಯದಾಗಿಯೇ ಚಳಿಗೆ ಸಿಕ್ಕುವುದಲ್ಲದೆ, ತೆನೆ ತುಂಬುವ ಹೊತ್ತಿಗೆ ಎರೆಯ ತೇವವೂ ತೀರಿರುತ್ತದೆ. ಮಣ್ಣಿನಲ್ಲಿಲ್ಲದ ನೀರನ್ನು ಯಾವ ಕಿಣ್ವವೂ ತಾರದು.

ಇನ್ನೊಂದು ಮಾತು ಇದಕ್ಕಿಂತಲೂ ಮುಖ್ಯ. ಕರಿಕೆಗೂ ಜೇಕಿಗೂ ಇಂಥದೇ ಏರ್ಪಾಡುಂಟು. ಆದುದರಿಂದ ಮಳೆಯಿಲ್ಲದ ಬಿಸಿಲಲ್ಲಿ ಹತ್ತಿ, ಶೇಂಗಾಗಳು ಸೊರಗುವಾಗ ಇವು ಮೇಲುಗೈಯಾಗುತ್ತವೆ. ಪೈರು ಸಾಲು ಮುಚ್ಚುವುದಕ್ಕೆ ಮುನ್ನವೇ ಎಡೆಕುಂಟೆ ಹೊಡೆಯತಕ್ಕದ್ದು. ಕರಿಕೆ ಹಬ್ಬಿದ ಹೊಲವನ್ನು ಬೇಸಗೆಯಲ್ಲಿ ಆಳವಾಗಿ ಉತ್ತು, ಬೇರುಗಳನ್ನು ಆರಿಸಿ, ಹೊಲದ ಹೊರಗೆ ಒಣಗಿಸಿ ಸುಡಬೇಕು. ಬದುವಿನ ಮೇಲೆ ಎಸೆದರೆ ಒಂದು ಗಣ್ಣಿನ ತುಂಡಿನಿಂದಲೇ ಮುಂಗಾರಿಗೆ ಮರಳಿ ಚಿಗುರುವುದು.