ಬಿ.ಬಿ.ಎ. ಏವಿಯೇಷನ್: ಫೀಸು ಕಟ್ಟುವ ಮೊದಲು ತಿಳಿಯೋಣ



ದ್ವಿತೀಯ ಪಿ.ಯು.ಸಿ. ಫಲಿತಾಂಶ ಬಂದ ಮೇಲೆ ಸಂಘದ ಸಭೆಗಳಲ್ಲಿ ಸಾಲದ ಬೇಡಿಕೆ ಬದಲಾಗ್ತದೆ. ದನ ತರಲು, ಮನೆ ರಿಪೇರಿಗೆ ಎಂದು ಕೇಳುತ್ತಿದ್ದವರು ಮಗಳ ಕಾಲೇಜು ಫೀಸಿಗೆ ಎಂದು ಕೇಳ್ತಾರೆ. ಈಚೆಗೆ ನಾವು ಹೋದ ಕಡೆಯಲ್ಲೆಲ್ಲ ಒಂದು ಕೋರ್ಸಿನ ಹೆಸರು ಕಿವಿಗೆ ಬೀಳ್ತಾ ಇದೆ: ಬಿ.ಬಿ.ಎ. ಏವಿಯೇಷನ್. "ಸಿಸ್ಟರ್, ಅದು ಓದಿದ್ರೆ ಏರ್‌ಪೋರ್ಟಲ್ಲಿ ಕೆಲಸ ಗ್ಯಾರಂಟಿಯಂತೆ, ಹೌದಾ?" ಎಂದು ತಾಯಂದಿರು ಕೇಳ್ತಾರೆ. ಯಾವ ಪದವಿಗೂ ಅಂಥ ಗ್ಯಾರಂಟಿ ಇಲ್ಲ. ಹಾಗಂತ ಇದು ಪ್ರಯೋಜನಕ್ಕೆ ಬಾರದ ಓದೂ ಅಲ್ಲ. ಈ ಸಲದ ಪಾಠದಲ್ಲಿ ಇದನ್ನು ಸ್ವಲ್ಪ ಬಿಡಿಸಿ ನೋಡೋಣ.

ಬಿ.ಬಿ.ಎ. ಎಂದರೆ ವ್ಯವಹಾರ ಆಡಳಿತದ ಪದವಿ. ಮೂರು ವರ್ಷ, ಆರು ಸೆಮಿಸ್ಟರ್. ಕಲಾ, ವಾಣಿಜ್ಯ, ವಿಜ್ಞಾನ ಯಾವುದರಲ್ಲಿ ಪಿ.ಯು.ಸಿ. ಪಾಸಾದವರೂ ಸೇರಬಹುದು. ಲೆಕ್ಕಪತ್ರ, ಮಾರುಕಟ್ಟೆ, ಸಿಬ್ಬಂದಿ ನಿರ್ವಹಣೆ ಇವೆಲ್ಲ ಬೇರೆ ಬಿ.ಬಿ.ಎ.ಯಲ್ಲಿ ಇದ್ದ ಹಾಗೆಯೇ ಇರ್ತವೆ. ಅದರ ಮೇಲೆ ವಿಮಾನ ನಿಲ್ದಾಣದ ಆಡಳಿತ, ಟಿಕೆಟ್ ದರ, ಸರಕು ಸಾಗಣೆ, ಸುರಕ್ಷತೆ, ವಿಮಾನಯಾನದ ಕಾನೂನು. ಅನ್ನ ಅದೇ, ಮೇಲಿನ ಸಾರು ಬೇರೆ ಅಂತ ಇಟ್ಟುಕೊಳ್ಳಿ. ಕಾನೂನಿನ ಪಾಠ ಮಾತ್ರ ಹೊಸ ಪುಸ್ತಕದಿಂದಲೇ ಆಗಬೇಕು. 1934ರ ವಿಮಾನ ಕಾಯ್ದೆ ಹೋಗಿ, 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ. ಅಕ್ಕ ಓದಿದ ಹಳೆ ನೋಟ್ಸು ತಂಗಿಗೆ ಸಾಲದು.

ಈ ಪದವಿಯಿಂದ ಏನು ಆಗುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡ್ತೇವೆ, ಯಾಕಂದ್ರೆ ಗೊಂದಲ ಇರುವುದು ಅಲ್ಲೇ. ಇದು ಓದಿ ಪೈಲಟ್ ಆಗುವುದಿಲ್ಲ. ಅದಕ್ಕೆ ಬೇಕಾದದ್ದು ಡಿ.ಜಿ.ಸಿ.ಎ. ಕೊಡುವ ಲೈಸೆನ್ಸ್, ಕನಿಷ್ಠ 200 ಗಂಟೆ ವಿಮಾನ ಹಾರಿಸಿದ ದಾಖಲೆ ತೋರಿಸಬೇಕು. ವಿಮಾನ ರಿಪೇರಿ ಮಾಡುವವರಿಗೂ ಬೇರೆಯೇ ತರಬೇತಿ, ಬೇರೆಯೇ ಲೈಸೆನ್ಸ್. ಗೋಪುರದಲ್ಲಿ ಕೂತು ವಿಮಾನಗಳಿಗೆ ದಾರಿ ಹೇಳುವ ಕೆಲಸಕ್ಕೆ ಭೌತಶಾಸ್ತ್ರ, ಗಣಿತ ಓದಿದ ಬಿ.ಎಸ್ಸಿ. ಅಥವಾ ಇಂಜಿನಿಯರಿಂಗ್ ಪದವಿ ಕೇಳ್ತಾರೆ. ಇನ್ನು ಗಗನಸಖಿ ಕೆಲಸ: ಅದಕ್ಕೆ ಪಿ.ಯು.ಸಿ. ಸಾಕು. ಮಗಳ ಮನಸ್ಸು ಅದೊಂದರಲ್ಲೇ ಇದ್ದರೆ ಮೂರು ವರ್ಷದ ಫೀಸು ಕಟ್ಟುವ ಅಗತ್ಯವೇ ಇಲ್ಲ, ನೇರವಾಗಿ ಸಂದರ್ಶನಕ್ಕೆ ಹೋಗಬಹುದು. ಆದರೂ ಕೈಯಲ್ಲಿ ಒಂದು ಪದವಿ ಇರಲಿ ಎನ್ನುವವರೇ ನಾವು. ಆ ಕೆಲಸ ಎಷ್ಟು ವರ್ಷ ನಡೀತದೋ ಗೊತ್ತಾಗುವುದಿಲ್ಲ ನೋಡಿ.

ಹಾಗಾದರೆ ಕೆಲಸ ಎಲ್ಲಿ?

ಗಂಡನನ್ನೋ ತಮ್ಮನನ್ನೋ ಗಲ್ಫಿಗೆ ಕಳಿಸಲು ಬಜ್ಪೆಗೆ ಹೋಗಿ, ಬಾಗಿಲ ಹೊರಗೆ ನಿಂತು ಕೈಬೀಸಿ ಬಂದವರು ನಮ್ಮಲ್ಲಿ ಬಹಳ ಜನ ಇದ್ದೀರಿ. ಬಾಗಿಲಲ್ಲಿ ಟಿಕೆಟ್ ನೋಡುವ ಸಿ.ಐ.ಎಸ್.ಎಫ್.ನವರು, ಒಳಗೆ ಪಾಸ್‌ಪೋರ್ಟಿಗೆ ಸೀಲು ಹಾಕುವವರು, ಕಸ್ಟಮ್ಸ್‌ನವರು ಎಲ್ಲ ಸರ್ಕಾರದ ನೌಕರರು. ಆ ಹುದ್ದೆಗಳಿಗೆ ಸರ್ಕಾರದ್ದೇ ನೇಮಕಾತಿ. ಏವಿಯೇಷನ್ ಓದಿದವರಿಗೆ ವಿಶೇಷ ದಾರಿ ಇಲ್ಲ. ಕಟ್ಟಡ, ಅಂಗಡಿ, ಪಾರ್ಕಿಂಗ್ ಎಲ್ಲ ನೋಡಿಕೊಳ್ಳುವುದು ನಿಲ್ದಾಣ ನಡೆಸುವ ಸಂಸ್ಥೆ. ಮಂಗಳೂರಿನಲ್ಲಿ 2020ರ ಅಕ್ಟೋಬರ್ 31ರಿಂದ ಅದು ಅದಾನಿಯವರ ಕೈಯಲ್ಲಿದೆ. ಇನ್ನು ವಿಮಾನ ಕಂಪನಿಗಳು. ಇವೆರಡರ ನಡುವೆ ನಮ್ಮ ಕಣ್ಣಿಗೆ ಬೀಳದ ಮೂರನೆಯವರು ಇದ್ದಾರೆ, ನೆಲದ ಕೆಲಸಗಳನ್ನು ಗುತ್ತಿಗೆಗೆ ಹಿಡಿದ ಕಂಪನಿಗಳು. ಇದಕ್ಕೆ ಗ್ರೌಂಡ್ ಹ್ಯಾಂಡ್ಲಿಂಗ್ ಅಂತಾರೆ. ಬೆಂಗಳೂರಿನಲ್ಲಿ ಏರ್ ಇಂಡಿಯಾ ಸ್ಯಾಟ್ಸ್ ಅಂಥದ್ದೊಂದು. ಹೊಸದಾಗಿ ಓದಿ ಬಂದವರಲ್ಲಿ ಬಹಳಷ್ಟು ಮಂದಿಗೆ ಮೊದಲ ಕೆಲಸ ಸಿಗುವುದು ಇಲ್ಲೇ.

ಬೋರ್ಡಿಂಗ್ ಪಾಸ್ ಕೊಡುವುದು, ಪೆಟ್ಟಿಗೆ ತೂಗಿ ಚೀಟಿ ಕಟ್ಟುವುದು, ಗಾಲಿಕುರ್ಚಿಯವರನ್ನು ಕರೆದುಕೊಂಡು ಹೋಗುವುದು, ಕಳೆದ ಪೆಟ್ಟಿಗೆ ಹುಡುಕುವುದು ಇವೆಲ್ಲ ಅವರ ಕೆಲಸ. ಮಂಗಳೂರಿನ ಪೆಟ್ಟಿಗೆ ಚೀಟಿಯಲ್ಲಿ ಐ.ಎಕ್ಸ್.ಇ. ಎಂದು ಇರ್ತದಲ್ಲ, ಅದು ನಮ್ಮ ನಿಲ್ದಾಣದ ಗುರುತು. ಅದರಲ್ಲಿ ಒಂದಕ್ಷರ ತಪ್ಪಿದರೆ ಪೆಟ್ಟಿಗೆ ಬೇರೆ ಊರಿಗೆ ಹೋದೀತು. ಯಾವ ಭಾರ ವಿಮಾನದ ಎಲ್ಲಿ ಕೂರಬೇಕು ಎಂಬುದಕ್ಕೂ ಲೆಕ್ಕ ಉಂಟು. ಗಣಿತ ಬಿಟ್ಟು ಬಂದೆ ಎಂದು ಖುಷಿಪಟ್ಟ ಹುಡುಗಿಗೆ ಇಲ್ಲಿ ಮತ್ತೆ ಗಣಿತವೇ ಎದುರಾಗ್ತದೆ.

ನಮ್ಮನ್ನು ಕೇಳಿದರೆ ಸರಕು ವಿಭಾಗದ ಕಡೆಗೂ ಮಕ್ಕಳು ಕಣ್ಣು ಹಾಯಿಸಬೇಕು. ಅಲ್ಲಿ ಅಂದಚಂದ, ಎತ್ತರ ಯಾರೂ ನೋಡುವುದಿಲ್ಲ; ಕಾಗದಪತ್ರ ಸರಿ ಇರಬೇಕು, ಅಷ್ಟೆ. ಹೂವು, ಹಣ್ಣು, ತರಕಾರಿ, ಔಷಧಿ, ಯಂತ್ರದ ಭಾಗ ಎಲ್ಲ ವಿಮಾನದಲ್ಲಿ ಹೋಗ್ತವೆ. ಪ್ರಯಾಣಿಕರು ಮೇಲೆ ಕೂತಿದ್ದರೆ ಕೆಳಗೆ ಅದೇ ವಿಮಾನದ ಹೊಟ್ಟೆಯಲ್ಲಿ ತರಕಾರಿ ಇರಬಹುದು. ಪ್ರತಿಯೊಂದಕ್ಕೂ ಏರ್‌ವೇ ಬಿಲ್ ಎಂಬ ದಾಖಲೆ, ಕಸ್ಟಮ್ಸ್ ಕಾಗದ ಬೇಕು. ಯಾವ ವಸ್ತು ಅಪಾಯದ್ದು ಎಂದು ತಿಳಿದಿರಬೇಕು. ಗಲ್ಫಿನಲ್ಲಿರುವ ಮಗನಿಗೆ ಒಣ ಕೊಬ್ಬರಿ ಕಟ್ಟಿ ಕೊಡುವ ತಾಯಂದಿರು ಇದನ್ನು ಕೇಳಿ: ಒಣ ಕೊಬ್ಬರಿ ತಾನಾಗಿಯೇ ಬಿಸಿಯೇರಿ ಬೆಂಕಿ ಹಿಡಿಯಬಲ್ಲ ವಸ್ತುಗಳ ಪಟ್ಟಿಯಲ್ಲಿದೆ. ಇಂಥದ್ದನ್ನು ಗುರುತಿಸಿ ತಡೆಯಲು ತರಬೇತಿ ಪಡೆದವರೇ ಬೇಕು. ಈ ಕೆಲಸ ಕಲಿತವರು ನಿಲ್ದಾಣದ ಹೊರಗೆ ಬಂದರುಗಳಲ್ಲೂ, ಆಮದು ರಫ್ತು ಕಚೇರಿಗಳಲ್ಲೂ ದುಡಿಯಬಹುದು.

ಹೀಗೆ ಬೇರೆ ಕಡೆಗೂ ದಾರಿ ಇರುವುದು ಮುಖ್ಯ, ಯಾಕಂದ್ರೆ ವಿಮಾನ ಕಂಪನಿಗಳು ಮುಚ್ಚುವುದನ್ನು ನಾವು ನೋಡಿದ್ದೇವೆ. ಬೆಂಗಳೂರಿನದೇ ಆದ ಕಿಂಗ್‌ಫಿಶರ್ 2012ರಲ್ಲಿ ನಿಂತಿತು. ಜೆಟ್ ಏರ್‌ವೇಸ್ 2019ರ ಏಪ್ರಿಲಿನಲ್ಲಿ, ಗೋ ಫಸ್ಟ್ 2023ರ ಮೇ ತಿಂಗಳಲ್ಲಿ ಹಾರಾಟ ನಿಲ್ಲಿಸಿದವು. 2020ರಲ್ಲಿ ಕೊರೋನಾ ಬಂದಾಗ ದೇಶದೊಳಗಿನ ಪ್ರಯಾಣಿಕ ವಿಮಾನಗಳೇ ಎರಡು ತಿಂಗಳು ಹಾರಲಿಲ್ಲ. ಇನ್ನೊಂದು ಕಡೆ ಕಲಬುರಗಿಗೆ 2019ರಲ್ಲಿ, ಶಿವಮೊಗ್ಗಕ್ಕೆ 2023ರಲ್ಲಿ ಹೊಸ ನಿಲ್ದಾಣ ಬಂತು. ದೇವನಹಳ್ಳಿಯಲ್ಲಿ 2022ರಲ್ಲಿ ಎರಡನೇ ಟರ್ಮಿನಲ್ ಉದ್ಘಾಟನೆ ಆಯಿತು. ಏರಿಕೆಯೂ ಉಂಟು, ಇಳಿಕೆಯೂ ಉಂಟು. ಏವಿಯೇಷನ್ ಕೈಕೊಟ್ಟರೂ ಬಿ.ಬಿ.ಎ. ಪದವಿ ಪದವಿಯೇ. ಬ್ಯಾಂಕ್ ಪರೀಕ್ಷೆ, ಪದವೀಧರರಿಗಿರುವ ಸರ್ಕಾರಿ ಪರೀಕ್ಷೆ, ಎಂ.ಬಿ.ಎ. ಎಲ್ಲಕ್ಕೂ ಅದು ನಡೀತದೆ.

ಆದ್ದರಿಂದಲೇ ಅದು ನಿಜವಾದ ಪದವಿಯೋ ಎಂದು ಮೊದಲು ನೋಡಬೇಕು. ಪೇಟೆಯಲ್ಲಿ ಒಂದು ಮಾಳಿಗೆ ಬಾಡಿಗೆಗೆ ಹಿಡಿದು, ಗೋಡೆ ತುಂಬ ವಿಮಾನದ ಚಿತ್ರ ಹಾಕಿ, ಆರು ತಿಂಗಳು ಒಂದು ವರ್ಷದ ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳಿವೆ. ಮಾತು, ನಡಿಗೆ, ಇಂಗ್ಲಿಷ್ ಅಲ್ಲಿ ಕಲಿಸಬಹುದು, ಆದರೆ ಅದು ಪದವಿ ಅಲ್ಲ. ಕೇಳಬೇಕಾದ ಪ್ರಶ್ನೆ ಇಷ್ಟೇ: ಕೊನೆಗೆ ಸರ್ಟಿಫಿಕೇಟ್ ಕೊಡುವ ವಿಶ್ವವಿದ್ಯಾಲಯ ಯಾವುದು? 2024-25ರಿಂದ ಬಿ.ಬಿ.ಎ. ಕೋರ್ಸುಗಳು ಎ.ಐ.ಸಿ.ಟಿ.ಇ. ವ್ಯಾಪ್ತಿಗೆ ಬಂದಿವೆ, ಆ ಅನುಮೋದನೆ ಪತ್ರವನ್ನೂ ತೋರಿಸಲು ಹೇಳಿ. ಪ್ರಾಯೋಗಿಕ ತರಬೇತಿ ಯಾವ ನಿಲ್ದಾಣದಲ್ಲಿ, ಎಷ್ಟು ವಾರ, ಅದಕ್ಕೆ ಬೇರೆ ಹಣ ಉಂಟಾ? ಹೋದ ವರ್ಷ ಮುಗಿಸಿದ ಇಬ್ಬರು ಹುಡುಗಿಯರ ಹತ್ತಿರ ಮಾತಾಡಿಸಿ ಎಂದು ಕೇಳಿ. ಮಾತಾಡಿಸಲು ಹಿಂದೇಟು ಹಾಕಿದರೆ ನಿಮಗೆ ಉತ್ತರ ಸಿಕ್ಕಿತು. ಕೆಲಸ ಕೊಡಿಸ್ತೇವೆ, ಠೇವಣಿ ಕಟ್ಟಿ ಎಂದು ಫೋನಿನಲ್ಲಿ ಹೇಳುವವರಿಗೆ ಒಂದು ರೂಪಾಯಿಯೂ ಕೊಡಬೇಡಿ.

ಮಗಳ ಹತ್ತಿರವೂ ಮಾತಾಡಿ. ನಿಲ್ದಾಣಕ್ಕೆ ರಾತ್ರಿ ಇಲ್ಲ, ಹಬ್ಬ ಇಲ್ಲ, ಪಾಳಿಯ ಕೆಲಸ. ಒಳಗೆ ಹೋಗುವ ಪಾಸಿಗೆ ಪೊಲೀಸ್ ತಪಾಸಣೆ ಆಗ್ತದೆ. ಮೊದಲ ವರ್ಷಗಳ ಸಂಬಳದಲ್ಲಿ ಬೆಂಗಳೂರಿನ ಪಿ.ಜಿ. ಬಾಡಿಗೆ, ಊಟ ಕಳೆದರೆ ಮನೆಗೆ ಕಳಿಸಲು ಹೆಚ್ಚು ಉಳಿಯುವುದಿಲ್ಲ ಎಂದು ಇಟ್ಟುಕೊಂಡೇ ಲೆಕ್ಕ ಹಾಕಿ.

ಈಗ ಆ ಲೆಕ್ಕಕ್ಕೆ ಬರೋಣ. ಒಟ್ಟು 3 ಲಕ್ಷ ಬೇಕು ಎನ್ನೋಣ. ಕೈಸಾಲ ಕೊಡುವವರು ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿ ಹೇಳಿದರೆ ತಿಂಗಳಿಗೆ 6,000, ಮೂರು ವರ್ಷಕ್ಕೆ 2,16,000. ಮಗಳು ಇನ್ನೂ ಕೆಲಸಕ್ಕೇ ಸೇರಿರುವುದಿಲ್ಲ. ಬ್ಯಾಂಕಿನ ಶಿಕ್ಷಣ ಸಾಲದಲ್ಲಿ ಬಡ್ಡಿ ವರ್ಷಕ್ಕೆ ನೂರಕ್ಕೆ 10 ಎಂದು ಹಿಡಿದರೂ ಮೂರು ವರ್ಷಕ್ಕೆ 90,000. ಹಣ ವರ್ಷ ವರ್ಷ ಬಿಡುಗಡೆ ಆಗುವುದರಿಂದ ಅದಕ್ಕಿಂತಲೂ ಕಡಿಮೆ. ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ 4 ಲಕ್ಷದವರೆಗೆ ನಮ್ಮ ಪಾಲಿನ ಹಣ ಹಾಕಬೇಕಾಗಿಲ್ಲ, 7.5 ಲಕ್ಷದವರೆಗೆ ಜಾಗ ಅಡವು ಇಡಬೇಕಾಗಿಲ್ಲ. ಕೋರ್ಸು ಮುಗಿದು ಒಂದು ವರ್ಷದ ನಂತರ ಕಂತು ಶುರು. ಹೆತ್ತವರು ಜಂಟಿಯಾಗಿ ಸಹಿ ಹಾಕಬೇಕು, ಹಾಗಾಗಿ ಓದದೆ ಹೆಬ್ಬೆಟ್ಟು ಒತ್ತಬೇಡಿ. ಮಾನ್ಯತೆ ಪಡೆದ ಕಾಲೇಜಾದರೆ ರಾಜ್ಯದ ಎಸ್.ಎಸ್.ಪಿ. ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನಕ್ಕೂ ಅರ್ಜಿ ಹಾಕಬಹುದು. ಜಾತಿ ಆದಾಯ ಪ್ರಮಾಣಪತ್ರ, ಆಧಾರ್ ಜೋಡಿಸಿದ ಖಾತೆ ಈಗಲೇ ಸಿದ್ಧ ಮಾಡಿ ಇಡಿ.

ಸಂಘದ ಆಂತರಿಕ ಸಾಲವನ್ನು ಪೂರ್ತಿ ಫೀಸಿಗೆ ಕೊಡುವುದಕ್ಕಿಂತ ಅರ್ಜಿ, ಪ್ರಯಾಣ, ಹಾಸ್ಟೆಲ್ ಮುಂಗಡದಂಥ ಮೊದಲ ಖರ್ಚಿಗೆ ಕೊಡುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ. ಮುಂದಿನ ಸಭೆಯಲ್ಲಿ ಇದನ್ನು ಚರ್ಚಿಸಿ ನಿರ್ಣಯ ಪುಸ್ತಕದಲ್ಲಿ ಬರೆಯಿರಿ. ಕಾಲೇಜು ನೋಡಲು ಹೋಗುವ ತಾಯಿಯ ಜೊತೆ ಓದು ಬಲ್ಲ ಇನ್ನೊಬ್ಬ ಸದಸ್ಯೆ ಯಾರು ಹೋಗ್ತಾರೆ ಎಂಬುದನ್ನೂ ಅಲ್ಲೇ ತೀರ್ಮಾನಿಸಿ.