ಇನ್‌ಕ್ಯುಬೇಟರ್ ಕೊಳ್ಳುವ ಮುನ್ನ

ಪ್ರೀತಿಯ ಮಗಳೇ,

ನೀನು ಕಳಿಸಿದ ಎರಡೂ ಫೋಟೋ ನೋಡಿದೆ. ಒಂದು ಥರ್ಮಾಕೋಲ್ ಪೆಟ್ಟಿಗೆ, ಇನ್ನೊಂದು ಬಣ್ಣದ ಪ್ಲಾಸ್ಟಿಕ್ಕಿನದು. ಬೆಲೆ ಹೆಚ್ಚುಕಮ್ಮಿ ಒಂದೇ, ಎರಡನೆಯದರಲ್ಲಿ ಜಾಸ್ತಿ ಮೊಟ್ಟೆ ಹಿಡಿಯುತ್ತದೆ, ಯಾವುದು ತಗೊಳ್ಳಲಿ ದೊಡ್ಡಪ್ಪಾ ಎಂದು ಕೇಳಿದ್ದೀಯ. ಹಿತ್ತಿಲಲ್ಲಿ ಕೋಳಿ ಸಾಕಲು ಹೊರಟ ನಿನ್ನ ವಯಸ್ಸಿನವರು ಇನ್ನೂ ಎಷ್ಟೋ ಮಂದಿ ಇದ್ದಾರೆ. ಅವರಿಗೂ ಉಪಯೋಗವಾಗಲಿ ಎಂದು ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಮಿಷನ್ ಬೇಕೇಬೇಕಾ ಎಂದು ಮೊದಲು ಯೋಚಿಸು. ಕಾವಿಗೆ ಕೂತ ಒಂದು ನಾಟಿ ಹ್ಯಾಟೆ ಹತ್ತು ಹನ್ನೆರಡು ಮೊಟ್ಟೆಗಳನ್ನು ಸಲೀಸಾಗಿ ಮರಿ ಮಾಡುತ್ತದೆ. ಅದಕ್ಕೆ ಕರೆಂಟಿನ ಹಂಗಿಲ್ಲ, ಆಮೇಲೆ ಮರಿಗಳನ್ನು ಬೆಚ್ಚಗಿಡುವ ಕೆಲಸವೂ ಅದರದೇ. ವರ್ಷಕ್ಕೆ ಇಪ್ಪತ್ತು ಮೂವತ್ತು ಮರಿ ಸಾಕು ಎನ್ನುವವರು ದುಡ್ಡು ಖರ್ಚು ಮಾಡುವುದೇ ಬೇಡ. ಆದರೆ ಕಾವಿಗೆ ಕೂತ ಕೋಳಿ ಮೊಟ್ಟೆ ಇಡುವುದನ್ನು ನಿಲ್ಲಿಸುತ್ತದೆ, ಮರಿಗಳ ಹಿಂದೆ ತಿರುಗುವಷ್ಟು ದಿನವೂ ಇಡುವುದಿಲ್ಲ. ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರದಂಥ ತಳಿಗಳಿಗಂತೂ ಕಾವು ಕೂರುವ ಗುಣವೇ ಕಡಿಮೆ. ನಿನಗೆ ಮೊಟ್ಟೆಯೂ ನಿಲ್ಲಬಾರದು, ತಿಂಗಳು ತಿಂಗಳು ಮರಿಯೂ ಬೇಕು. ಹಾಗಾಗಿ ಮಿಷನ್ ತಗೋ, ನನ್ನ ಒಪ್ಪಿಗೆಯಿದೆ.

ಡಬ್ಬದ ಮೇಲೆ ಬರೆದ ಮೊಟ್ಟೆಗಳ ಸಂಖ್ಯೆಗೆ ಮರುಳಾಗಬೇಡ. ಕೆಲವರು ಚಿಕ್ಕ ಮೊಟ್ಟೆ ಲೆಕ್ಕ ಹಿಡಿದು ಆ ಸಂಖ್ಯೆ ಹಾಕಿರುತ್ತಾರೆ. ನೀನು ದುಡ್ಡು ಕೊಡಬೇಕಾದದ್ದು ಇಪ್ಪತ್ತೊಂದು ದಿನ ಏರುಪೇರಿಲ್ಲದೆ ನಿಲ್ಲುವ ಕಾವಿಗೆ. ಫ್ಯಾನ್ ಇರುವ ಪೆಟ್ಟಿಗೆಯಲ್ಲಿ ಅದು 37.5 ಡಿಗ್ರಿ ಸೆಲ್ಸಿಯಸ್. ಫ್ಯಾನ್ ಇಲ್ಲದಿದ್ದರೆ ಬಿಸಿಗಾಳಿ ಮೇಲೆ ನಿಲ್ಲುತ್ತದೆ, ತಣ್ಣನೆಯದು ಕೆಳಗೆ ಉಳಿಯುತ್ತದೆ. ಆಗ ಮೊಟ್ಟೆಯ ನೆತ್ತಿಯ ಮಟ್ಟದಲ್ಲಿ 38.5ರ ಆಸುಪಾಸು ಹಿಡಿಯಬೇಕು, ಮೂಲೆಯ ಮೊಟ್ಟೆಗಳಿಗೆ ಅದೂ ಸಿಗುವುದಿಲ್ಲ. ಅದಕ್ಕೇ ಫ್ಯಾನ್ ಇಲ್ಲದ್ದು ಎಷ್ಟೇ ಅಗ್ಗವಾದರೂ ಬೇಡ ಎನ್ನುತ್ತೇನೆ. ಕಾವು ಸ್ವಲ್ಪ ಹೊತ್ತು ಇಳಿದರೆ ಮೊಟ್ಟೆ ತಡೆದುಕೊಳ್ಳುತ್ತದೆ. ಹ್ಯಾಟೆಯೂ ಮೇಯಲು ದಿನಕ್ಕೊಮ್ಮೆ ಎದ್ದು ಹೋಗುತ್ತದಲ್ಲ. ಏರಿದರೆ ಮಾತ್ರ ತಡೆಯುವುದಿಲ್ಲ. 40 ದಾಟಿ ನಿಂತರೆ ಒಳಗಿನ ಜೀವಕ್ಕೆ ಅಪಾಯ. ಮಿಷನ್ನನ್ನು ಕಿಟಕಿ ಪಕ್ಕ, ಶೀಟಿನ ಸೂರಿನ ಕೆಳಗೆ ಇಡಬೇಡ ಎನ್ನುವುದು ಇದೇ ಕಾರಣಕ್ಕೆ.

ಇನ್ನು ಕರೆಂಟು. ನಿನ್ನೂರಿನಲ್ಲಿ ಮಳೆಗಾಲದ ಗಾಳಿಗೆ ಒಂದು ಕೊಂಬೆ ಬಿದ್ದರೆ ರಾತ್ರಿಯಿಡೀ ಕತ್ತಲೆ. ಒಂದು ಗಂಟೆ ಹೋದರೆ ಮುಚ್ಚಳ ತೆಗೆಯದೆ ಮೇಲೊಂದು ಕಂಬಳಿ ಹೊದಿಸಿದರೆ ಸಾಕು, ಗಾಳಿಯ ತೂತು ಮಾತ್ರ ಮುಚ್ಚಬಾರದು. ಇಡೀ ರಾತ್ರಿಗೆ ಕಂಬಳಿ ಸಾಲದು. ಆದ್ದರಿಂದ 12 ವೋಲ್ಟ್ ಬ್ಯಾಟರಿಗೂ ಸಿಕ್ಕಿಸಲು ಬರುವ ಮಿಷನ್ನೇ ಕೇಳು. ಬ್ಯಾಟರಿಯ ಮೇಲೆ ಓಡುವಾಗ ಹೀಟರೂ ಕೆಲಸ ಮಾಡುತ್ತದೋ, ಬರೀ ಫ್ಯಾನ್ ತಿರುಗುತ್ತದೋ ಎಂದು ಬಿಡಿಸಿ ಕೇಳು. ಮನೆಯಲ್ಲಿ ಯುಪಿಎಸ್ ಇದ್ದರೆ ಅದರ ಲೈನಿಗೆ ಹಾಕಬಹುದು. ತಾನೇ ಮೊಟ್ಟೆ ಹೊರಳಿಸುವ ಮೋಟಾರು ಇಲ್ಲದಿದ್ದರೂ ನಡೆಯುತ್ತದೆ. ಪೆನ್ಸಿಲ್ಲಿನಲ್ಲಿ ಒಂದು ಕಡೆ ಸೊನ್ನೆ, ಇನ್ನೊಂದು ಕಡೆ ಇಂಟು ಗುರುತು ಹಾಕಿ ದಿನಕ್ಕೆ ಮೂರು ಸಲ ಕೈಯಲ್ಲೇ ಹೊರಳಿಸು. ಆ ಮೋಟಾರಿನ ದುಡ್ಡು ಬ್ಯಾಟರಿಗೆ ಹಾಕು.

ಥರ್ಮಾಕೋಲ್ ಪೆಟ್ಟಿಗೆಯನ್ನು ಕೀಳಾಗಿ ನೋಡಬೇಡ, ಕಾವು ಹಿಡಿದಿಡುವುದರಲ್ಲಿ ಅದು ತೆಳು ಪ್ಲಾಸ್ಟಿಕ್ಕಿಗಿಂತ ವಾಸಿ. ತೊಳೆಯುವುದು ಕಷ್ಟ, ಅದೊಂದೇ ಅದರ ದೊಡ್ಡ ದೋಷ. ಬಲ್ಬಿನಿಂದ ಬಿಸಿಯಾಗುವಂಥದ್ದಾದರೆ ಒಂದು ದೊಡ್ಡ ಬಲ್ಬಿಗಿಂತ ಎರಡು ಸಣ್ಣವು ಇರಲಿ. ಒಂದು ಸುಟ್ಟುಹೋದರೂ ಇನ್ನೊಂದು ಉರಿಯುತ್ತಿರುತ್ತದೆ. ಎಲ್‌ಇಡಿ ಬಲ್ಬಿನಲ್ಲಿ ಕಾವಿಗೆ ಬೇಕಾದಷ್ಟು ಬಿಸಿ ಬರುವುದಿಲ್ಲ, ಹಳೆಯ ತಂತಿ ಬಲ್ಬುಗಳು ಈಗ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ನಾಲ್ಕು ಹೆಚ್ಚಿಗೆ ತಂದಿಟ್ಟುಕೋ. ಕಾವು ನಿಯಂತ್ರಿಸುವ ಕಂಟ್ರೋಲರ್ ಕೆಟ್ಟರೆ ಬೇರೆಯದು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸಿಗುವ ಹಾಗಿರಲಿ. ಎಲ್ಲವನ್ನೂ ಒಳಗೇ ಬೆಸೆದುಬಿಟ್ಟ ಮಿಷನ್ ಒಂದು ಸಲ ಕೆಟ್ಟರೆ ಅಟ್ಟ ಸೇರುತ್ತದೆ.

ಮಿಷನ್ ತೋರಿಸುವ ಅಂಕಿಯನ್ನು ಹಾಗೇ ನಂಬಬೇಡ. ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರ್ ಮನೆಯಲ್ಲಿರುತ್ತದೆ, ಅದಕ್ಕೆ ಬೇಕಾದದ್ದೂ ಇದೇ 37ರ ಆಸುಪಾಸಿನ ಲೆಕ್ಕ. ಮೊಟ್ಟೆ ಇಡುವ ಜಾಗದಲ್ಲಿ ಅದನ್ನಿಟ್ಟು ಹೋಲಿಸಿ ನೋಡು. ತೇವದ ಮೀಟರಿಗೂ ಒಂದು ಪರೀಕ್ಷೆಯಿದೆ. ಒಂದು ಮುಚ್ಚಳದಲ್ಲಿ ಅಡುಗೆ ಉಪ್ಪಿಗೆ ಕೆಸರಿನಷ್ಟು ನೀರು ಬೆರೆಸಿ, ಮೀಟರಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ರಾತ್ರಿಯಿಡೀ ಬಿಡು. ಬೆಳಿಗ್ಗೆ ಸುಮಾರು 75 ತೋರಿಸಬೇಕು. ಎಷ್ಟು ಆಚೀಚೆ ಇದೆಯೋ ಅಷ್ಟನ್ನು ನೆನಪಿಟ್ಟುಕೋ. ಮೊದಲ ಹದಿನೆಂಟು ದಿನ ತೇವ 50ರಿಂದ 55, ಕೊನೆಯ ಮೂರು ದಿನ 65ರಿಂದ 70 ಇರಲಿ. ಕರಾವಳಿಯ ಮಳೆಗಾಲದಲ್ಲಿ ನೀರಿನ ತಟ್ಟೆಯೇ ಬೇಡವಾಗಬಹುದು, ರಾಯಚೂರಿನ ಬೇಸಿಗೆಯಲ್ಲಿ ದಿನಕ್ಕೆರಡು ಸಲ ತುಂಬಿಸಬೇಕಾಗಬಹುದು. ಹೀಗಿರುವಾಗ ಇಂತಿಷ್ಟು ನೀರು ಹಾಕು ಎಂದು ಮಾರುವವರು ಕೊಟ್ಟ ಚೀಟಿ ಎಲ್ಲ ಊರಿಗೂ ಹೊಂದುವುದಾದರೂ ಹೇಗೆ?

ಮೊಟ್ಟೆ ಹುಂಜದ ಜೊತೆ ಬಿಟ್ಟ ಕೋಳಿಗಳದ್ದೇ ಆಗಬೇಕು, ಅಂಗಡಿಯ ಫಾರಂ ಮೊಟ್ಟೆಯಿಂದ ಮರಿ ಬರುವುದಿಲ್ಲ. ಇಟ್ಟು ಒಂದು ವಾರ ದಾಟಿರಬಾರದು, ಫ್ರಿಜ್ಜಿನಲ್ಲಿಡಬಾರದು. ಏಳನೇ ದಿನ ಕತ್ತಲೆಯಲ್ಲಿ ಟಾರ್ಚ್ ಹಿಡಿದು ನೋಡು. ಕೆಂಪು ನರಗಳು ಜೇಡನ ಬಲೆಯ ಹಾಗೆ ಹರಡಿದ್ದರೆ ಜೀವವಿದೆ, ಖಾಲಿ ಕಂಡದ್ದನ್ನು ತೆಗೆದುಬಿಡು. ಹದಿನೆಂಟನೇ ದಿನದಿಂದ ಹೊರಳಿಸುವುದನ್ನೂ ನಿಲ್ಲಿಸು, ಮುಚ್ಚಳ ತೆಗೆಯುವುದನ್ನೂ ನಿಲ್ಲಿಸು. ಈ ಮೂರು ದಿನ ನಿನ್ನ ಕೈ ಕಟ್ಟಿಹಾಕುವುದೇ ಎಲ್ಲಕ್ಕಿಂತ ಕಷ್ಟ. ಒಂದು ಮರಿ ಹೊರಬಂದು ಕೂಗಿದ ಕೂಡಲೇ ತೆಗೆಯಬೇಕೆನಿಸುತ್ತದೆ, ಆಗ ಮುಚ್ಚಳ ತೆಗೆದರೆ ತೇವ ಹಾರಿ, ಚಿಪ್ಪು ಒಡೆಯುತ್ತಿರುವ ಉಳಿದವು ಒಳಪೊರೆಗೇ ಅಂಟಿಕೊಳ್ಳುತ್ತವೆ. ಹೊರಬಂದ ಮರಿಯ ಹೊಟ್ಟೆಯಲ್ಲಿ ಹಳದಿ ಭಾಗ ಇನ್ನೂ ಇರುತ್ತದೆ, ಒಂದು ದಿನ ನೀರು ಕಾಳು ಇಲ್ಲದಿದ್ದರೂ ಅದಕ್ಕೆ ಏನೂ ಆಗುವುದಿಲ್ಲ.

ಮಿಷನ್ ಬಂದ ಮೇಲೆ ಎರಡು ದಿನ ಖಾಲಿ ಓಡಿಸು, ಹಗಲು ರಾತ್ರಿಯ ಅಂಕಿ ಬರೆದು ನನಗೆ ಕಳಿಸು. ಅಷ್ಟರಲ್ಲಿ ಮರಿಗಳಿಗೆ ಒಂದು ಪೆಟ್ಟಿಗೆ, ಭತ್ತದ ಹೊಟ್ಟು, ಬಿಸಿಗೊಂದು ಬಲ್ಬು ಸಿದ್ಧ ಮಾಡಿಕೋ. ಮೊದಲ ವಾರ 35 ಡಿಗ್ರಿ ಇರಲಿ, ಆಮೇಲೆ ವಾರಕ್ಕೆ ಮೂರರಂತೆ ಇಳಿಸುತ್ತಾ ಬಾ. ಮೊದಲ ವಾರದಲ್ಲೇ ಕೊಕ್ಕರೆ ರೋಗದ ಲಸಿಕೆ ಆಗಬೇಕು. ಪಶು ಆಸ್ಪತ್ರೆಯಲ್ಲಿ ಈಗಲೇ ಹೇಳಿಡು. ಒಂದು ಬಾಟಲಿಯಲ್ಲಿ ನೂರಾರು ಮರಿಗಾಗುವಷ್ಟು ಇರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಅಕ್ಕಪಕ್ಕದಲ್ಲಿ ಯಾರ ಮನೆಯಲ್ಲಿ ಎಳೆ ಮರಿ ಇವೆ ಎಂದು ವಿಚಾರಿಸಿ, ಎಲ್ಲರೂ ಒಂದೇ ದಿನ ಹಾಕಿಸಿಕೊಳ್ಳಿ.

ಇಂತಿ ನಿನ್ನ,
ದೊಡ್ಡಪ್ಪ